ಟೂರಿಸ್ಟ್ ವೀಸಾ ಬೇಡ, ಮದುವೆ ಇಲ್ಲೇ ಆಗಲಿ

ಹುಡುಗ ಜರ್ಮನ್ ಪ್ರಜೆ, ಟೂರಿಸ್ಟ್ ವೀಸಾದಲ್ಲಿ ಲೈಪ್‌ಜಿಗ್‌ಗೆ ಹೋಗಿ ಅಲ್ಲೇ ಮದುವೆಯಾಗಿ ಉಳಿದುಬಿಡಲಾ ಅಂತ ಕೇಳಿದ್ದೀರಿ. ಬೇಡ. ಆ ಟೂರಿಸ್ಟ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗೋ ಷೆಂಗೆನ್ ವೀಸಾ) 90 ದಿನದ ಭೇಟಿಗಷ್ಟೇ. ಅಲ್ಲಿನ ಅಧಿಕಾರಿಗಳು ಸಾಮಾನ್ಯವಾಗಿ "ಊರಿಗೆ ಹೋಗಿ ಸರಿಯಾದ ವೀಸಾ ತನ್ನಿ" ಅಂತಲೇ ಹೇಳ್ತಾರೆ.

ಇಲ್ಲೇ ರಿಜಿಸ್ಟರ್ ಮದುವೆಯಾಗಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ನೋಟಿಸಿಗೆ ಮುಂಚೆ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದರೆ ಸಾಕು. ಮೈಸೂರಲ್ಲೇ ಇರೋ ನಿಮಗೆ ಅದು ತೊಂದರೆಯಲ್ಲ. ಮದುವೆ ಸರ್ಟಿಫಿಕೇಟಿಗೆ ಅಪೊಸ್ಟಿಲ್ (ದಾಖಲೆ ಅಸಲಿ ಅಂತ ವಿದೇಶಕ್ಕಾಗಿ ಹಾಕಿಸೋ ಸರ್ಕಾರಿ ಮುದ್ರೆ) ಮಾಡಿಸಿಕೊಡ್ತೀವಿ ಅನ್ನೋ ಏಜೆಂಟರಿಗೆ ದುಡ್ಡು ಸುರಿಯಬೇಡಿ. ಭಾರತದ ಅಪೊಸ್ಟಿಲನ್ನು ಜರ್ಮನಿ ಒಪ್ಪಲ್ಲ.

ಮದುವೆಯಾದ ಮೇಲೆ ಗಂಡನ ಜೊತೆ ಇರೋಕೆ ಹಾಕೋ ವೀಸಾಕ್ಕೆ ಜರ್ಮನ್ ಭಾಷೆಯ ಎ1 (ಮೊದಲ ಹಂತದ) ಸರ್ಟಿಫಿಕೇಟ್ ಬೇಕಾಗುತ್ತೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಇದೆ. ಆದರೆ ಎ1 ಅಂದ್ರೆ ಹೆಸರು, ಊರು, ಅಂಗಡಿಯ ಮಾತು, ಅಷ್ಟೇ. ಅತ್ತೆಮನೆಯಲ್ಲಿ ಎಲ್ಲರೂ ನಗ್ತಿರುವಾಗ ನೀವೊಬ್ಬರೇ ಗಂಡನ ಮುಖ ನೋಡ್ತಾ ಕೂರೋದು ಬಲು ಬೇಜಾರು (ಅವನೂ ಎಷ್ಟು ಸಲ ಅಂತ ಅನುವಾದ ಮಾಡಿಯಾನು!). ಹೊರಡೋದರೊಳಗೆ ಬಿ1 (ಎರಡು ಹಂತ ಮೇಲಿನದು) ಕಡೆಗೆ ನಡೀರಿ.

ಕೆಲಸಕ್ಕೆ ಬೇರೆ ಪರವಾನಗಿ ಬೇಡ, ಪ್ರಜೆಯ ಹೆಂಡತಿಯಾಗಿ ಸಿಗೋ ವಾಸದ ಪರವಾನಗಿಯಲ್ಲೇ ಆ ಹಕ್ಕಿದೆ. ನಿಮ್ಮ ಡಿಗ್ರಿಯನ್ನು ಅಲ್ಲಿ ಒಪ್ತಾರಾ ಅಂತ "ಅನಾಬಿನ್" ಜಾಲತಾಣದಲ್ಲಿ ಈಗಲೇ ನೋಡಿಕೊಳ್ಳಿ.

ನೀವು ಕೇಳದಿದ್ದರೂ ಒಂದು ಮಾತು: ಅಲ್ಲಿ ಒಟ್ಟಿಗೆ 3 ವರ್ಷ ಸಂಸಾರ ಮಾಡೋವರೆಗೆ ಸಾಮಾನ್ಯವಾಗಿ ನಿಮ್ಮ ವಾಸದ ಹಕ್ಕು ಮದುವೆಗೇ ಅಂಟಿಕೊಂಡಿರುತ್ತೆ. ಹುಡುಗ ಎಷ್ಟೇ ಒಳ್ಳೆಯವನಾಗಲಿ, ನಿಮ್ಮ ಹೆಸರಲ್ಲೇ ಒಂದು ಬ್ಯಾಂಕ್ ಖಾತೆ, ವಾಪಸ್ ಟಿಕೆಟಿನಷ್ಟು ದುಡ್ಡು ಇರಲಿ.