ಅಮ್ಮನ ಮಂಡಿ, ಅಪ್ಪನ ಕೊನೆಕೊಯ್ಲು

ಕಾರವಾರದ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪ-ಅಮ್ಮ ನಾಲ್ಕು ವರ್ಷದಿಂದ ಟೊರೊಂಟೊದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಪಿಆರ್, ಅಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಸಿಕ್ಕಿದೆ. ಅಲ್ಲಿನ ಚಳಿಗೆ ಅಮ್ಮನ ಮಂಡಿನೋವು ಜಾಸ್ತಿಯಾಗಿದೆ. ಇನ್ನು ಪ್ರತಿ ವರ್ಷ ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿಗೆ ಬರುತ್ತಾರಂತೆ. ಶಿರಸಿ ಹತ್ತಿರದ ಹಳೇ ಮನೆಯಲ್ಲೇ ಇರಬೇಕು ಅನ್ನುವುದು ಅಪ್ಪನ ಹಟ. ನನ್ನ ಫ್ಲಾಟಿಗೇ ಬರಲಿ ಅಂತ ನನಗೆ. ನೀವೇನು ಹೇಳುತ್ತೀರಿ?"

ಬರಲಿ, ಖಂಡಿತ ಬರಲಿ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದರೊಳಗೆ ಸೂರ್ಯ ಮುಳುಗುತ್ತಾನೆ. ಫುಟ್‌ಪಾತ್ ಮೇಲೆ ಮಂಜು ಗಟ್ಟಿಯಾಗಿ ಗಾಜಿನ ಹಾಗಿರುತ್ತದೆ. ಜಾರಿ ಬಿದ್ದರೆ ಅಂತ ಹೆದರಿ ವಯಸ್ಸಾದವರು ಹೊಸ್ತಿಲು ದಾಟುವುದಿಲ್ಲ. ನಡಿಗೆ ನಿಂತ ಮೇಲೆ ಮಂಡಿ ಇನ್ನಷ್ಟು ಬಿಗಿಯುತ್ತದೆ, ಅಲ್ವಾ?

ಆದರೆ ಶಿರಸಿ ಬೆಚ್ಚಗಿರುತ್ತದೆ ಅಂದುಕೊಳ್ಳಬೇಡಿ. ಟೊರೊಂಟೊದಲ್ಲಿ ಚಳಿ ಇರುವುದು ಹೊರಗೆ. ಮನೆಯೊಳಗೆ ಹೀಟರ್ ಇದ್ದು ಇಪ್ಪತ್ತು ಡಿಗ್ರಿಯಷ್ಟು ಇರುತ್ತದೆ. ನಮ್ಮ ಘಟ್ಟದ ಮೇಲಿನ ಹಂಚಿನ ಮನೆಯಲ್ಲಿ ಜನವರಿಯ ಬೆಳಗಿನ ಜಾವ ಒಳಗೂ ಹೊರಗೂ ಒಂದೇ ಚಳಿ. ಹಂಚಿನ ಸಂದಿಯಿಂದ ಇಬ್ಬನಿ ಗಾಳಿ ಇಳಿಯುತ್ತದೆ. ನೆಲಕ್ಕೆ ಕಾಲಿಟ್ಟರೆ ಜುಂ ಅನ್ನುತ್ತದೆ. ನಾಲ್ಕು ವರ್ಷ ಬೆಚ್ಚನೆ ಮನೆಯಲ್ಲಿದ್ದ ನಿಮ್ಮ ಅಮ್ಮನಿಗೆ ಅದು ಕಷ್ಟವೇ.

ಹಾಗಂತ ಅಪ್ಪನನ್ನು ಫ್ಲಾಟಿನಲ್ಲಿ ಕೂರಿಸಬೇಡಿ. ಅವರು ಬರುವ ಹೊತ್ತಿಗೆ ಸರಿಯಾಗಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾಗುತ್ತದೆ. ಅಂಗಳದಲ್ಲಿ ಅಡಿಕೆ ಸುಲಿಯುವವರ ನಡುವೆ ಮೆಟ್ಟುಗತ್ತಿ ಹಿಡಿದು ಕೂರುವ ಆಸೆ ಅವರದು. ಅದನ್ನು ಹಟ ಅನ್ನಬೇಡಿ. ನನ್ನ ಮಾತು ಕೇಳುವುದಾದರೆ ಡಿಸೆಂಬರ್ ಮಧ್ಯದವರೆಗೆ ಇಬ್ಬರೂ ಶಿರಸಿಯಲ್ಲಿರಲಿ. ಆಮೇಲೆ ಜನವರಿ ಮುಗಿಯುವ ತನಕ ಅಮ್ಮ ಕಾರವಾರದಲ್ಲಿ. ಕಡಲ ಗಾಳಿಗೆ ರಾತ್ರಿ ಅಷ್ಟು ತಣ್ಣಗಾಗುವುದಿಲ್ಲ, ಸಂಜೆ ಮರಳಿನ ಮೇಲೆ ನಿಧಾನ ನಡೆಯಬಹುದು. ಅಪ್ಪ ದೇವಿಮನೆ ಘಟ್ಟ ಇಳಿದು ಬಂದು ಹೋಗಿ ಮಾಡಲಿ. ಫೆಬ್ರವರಿಗೆ ಇಬ್ಬರೂ ಮತ್ತೆ ಮೇಲೆ, ಆಲೆಮನೆ ಹೊತ್ತಿಗೆ.

ದಿನದ ಲೆಕ್ಕಕ್ಕೆ ತೊಂದರೆಯಿಲ್ಲ. ನವೆಂಬರ್ 1ರಿಂದ ಮಾರ್ಚ್ 31ಕ್ಕೆ 151 ದಿನ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಆರೋಗ್ಯ ವಿಮೆ ಉಳಿಯಲು 12 ತಿಂಗಳಲ್ಲಿ 212 ದಿನದವರೆಗೆ ಹೊರಗಿರಬಹುದು. ಪಿಆರ್‌ಗೆ 5 ವರ್ಷದಲ್ಲಿ 730 ದಿನ ಕೆನಡಾದಲ್ಲಿದ್ದರೆ ಸಾಕು. ಆದರೆ ಆ ವಿಮೆ ನಂಬಿ ಇಲ್ಲಿ ಆಸ್ಪತ್ರೆಗೆ ಹೋಗುವ ಹಾಗಿಲ್ಲ, ಬೇರೆ ಪ್ರವಾಸ ವಿಮೆ ಬೇಕೇ ಬೇಕು. ಹಳೇ ಕಾಯಿಲೆಗೂ ಅದು ಅನ್ವಯಿಸುತ್ತದಾ ಅಂತ ಓದಿ ನೋಡಿ. ಮಾತ್ರೆಗಳ ಬ್ರ್ಯಾಂಡ್ ಹೆಸರು ಇಲ್ಲಿ ಬೇರೆ ಇರಬಹುದು, ಒಳಗಿನ ಔಷಧದ ಹೆಸರು ಬರೆಸಿಕೊಂಡು ಬರಲಿ. ದೊಡ್ಡ ಕಾಯಿಲೆಯಾದರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಓಡಬೇಕು, ಅದು ನೆನಪಿರಲಿ.

ನನಗೆ ಹೆಚ್ಚು ಚಿಂತೆ ಮನೆಯದು. ನಮ್ಮ ಅಜ್ಜನ ಮನೆಗೆ ಒಂದು ಮಳೆಗಾಲ ಬೀಗ ಹಾಕಿದ್ದೆವು. ದಸರಾಕ್ಕೆ ಹೋದರೆ ಬಾಗಿಲು ಉಬ್ಬಿ ತೆಗೆಯಲಾಗಲಿಲ್ಲ. ಅಜ್ಜಿಯ ರೇಷ್ಮೆ ಸೀರೆಯ ಮೇಲೆ ಬಿಳಿ ಬೂಷ್ಟು. ಜಂತಿಗೆ ಗೆದ್ದಲು. ಒಲೆ ಉರಿಯದ ಮನೆ ನಮ್ಮ ಮಳೆಗೆ ತಡೆಯುವುದಿಲ್ಲ. ಪಕ್ಕದವರಿಗೆ ಇಷ್ಟು ಅಂತ ಹಣ ಕೊಟ್ಟು ಜೂನ್‌ನಿಂದ ವಾರಕ್ಕೆರಡು ದಿನ ಬಚ್ಚಲೊಲೆ ಹೊತ್ತಿಸಲು ಹೇಳಿ. ಹೊಗೆ ಮಾಡಿಗೆ ಏರಲಿ. ಅಕ್ಟೋಬರ್ ಕೊನೆಗೆ ನೀವೇ ಹೋಗಿ ಹಾಸಿಗೆ ಬಿಸಿಲಿಗೆ ಹಾಕಿ, ಅಮ್ಮ ಮಲಗುವ ಕೋಣೆಯ ಹಂಚಿನ ಕೆಳಗೆ ಹಲಗೆ ಹೊಡೆಸಿ, ಬಚ್ಚಲಿಗೆ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿ.