ಪೆನ್ಷನ್ ಬಂದಮೇಲೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ನಂಬಬಹುದಾ, ಅದನ್ನು ಬಿಟ್ಟು ಖಾಸಗಿ ವಿಮೆ ಮಾಡಿಸೋದೇ ಒಳ್ಳೇದಾ?

ಮುಂದಿನ ವರ್ಷ ಹವಾಲ್ದಾರ್ ಆಗಿ ಪೆನ್ಷನ್ ಬರ್ತೀನಿ, ಊರು ಕೊಡಗು ಅಂತ ಬರೆದಿದ್ದೀರಿ. ನಾನೂ ಅದೇ ರ‍್ಯಾಂಕ್, ಅದೇ ಜಿಲ್ಲೆ. ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದೆ. ಪೆನ್ಷನ್ ಬರುವಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು.

ಮೊದಲನೆಯದಾಗಿ, ಇಸಿಎಚ್‌ಎಸ್ ಬಿಡುವ ಮಾತೇ ಇಲ್ಲ. ಈ ಯೋಜನೆ ಶುರುವಾದದ್ದು 2003ರ ಏಪ್ರಿಲ್ 1ಕ್ಕೆ. ಆಮೇಲೆ ಪೆನ್ಷನ್ ಬರುವವರೆಲ್ಲ ಸೇರಲೇಬೇಕು. 2017ರ ಕೊನೆಯಲ್ಲಿ ಬಂದ ಆದೇಶದ ಪ್ರಕಾರ ಹವಾಲ್ದಾರ್‌ವರೆಗಿನವರು ಕಟ್ಟುವ ದುಡ್ಡು 30,000 ರೂಪಾಯಿ. ಅದೂ ಒಂದೇ ಸಲ, ಜೀವನಪೂರ್ತಿಗೆ. ಗಂಡ ಹೆಂಡತಿ ಇಬ್ಬರಿಗೂ ಸಾಯುವವರೆಗೆ ಚಿಕಿತ್ಸೆ ಕೊಡುವ ವಿಮೆ ಈ ದುಡ್ಡಿಗೆ ಯಾವ ಕಂಪನಿಯಲ್ಲಿ ಸಿಗುತ್ತದೆ ಹೇಳಿ? ಹಾಗಾಗಿ ಅದಾ ಇದಾ ಅಂತ ತೂಗಿ ನೋಡೋದು ಬೇಡ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ನಾನು ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ ಈ ಕಾರ್ಡ್ ಹೇಗೆ ಬಳಸಬೇಕು ಅಂತ ಮನೆಯವರಿಗೆ ಗೊತ್ತಾ?

ನಮ್ಮ ಮನೆಯಲ್ಲಿ ಗೊತ್ತಿರಲಿಲ್ಲ.

ಮಳೆಗಾಲ, ರಾತ್ರಿ ಊಟ ಆಗಿತ್ತು. ಎದೆ ಹಿಂಡಿದ ಹಾಗಾಗಿ ಎಡಗೈಗೆ ನೋವು ಇಳಿಯಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಇಂಜೆಕ್ಷನ್ ಕೊಟ್ಟು, ತಡ ಮಾಡದೆ ಮೈಸೂರಿಗೆ ಹೋಗಿ ಅಂದರು. ಆಂಬುಲೆನ್ಸ್ ಡ್ರೈವರ್ ತನಗೆ ಗೊತ್ತಿದ್ದ ಒಂದು ಖಾಸಗಿ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ. ಅದು ಇಸಿಎಚ್‌ಎಸ್ ಪಟ್ಟಿಯಲ್ಲಿ, ಅಂದರೆ ಯೋಜನೆಯ ಜೊತೆ ಒಪ್ಪಂದ ಇರುವವುಗಳಲ್ಲಿ, ಇಲ್ಲದ ಆಸ್ಪತ್ರೆ. ನನ್ನ ಹೆಂಡತಿ ಕಾರ್ಡ್ ತೋರಿಸಿದಾಗ ಕೌಂಟರಿನ ಹುಡುಗ, "ಇದು ನಮ್ಮಲ್ಲಿ ನಡೆಯಲ್ಲಮ್ಮ, ಕ್ಯಾಶ್ ಕಟ್ಟಿ" ಅಂದನಂತೆ. ಅವಳು ಕಾರ್ಡ್ ವಾಪಸ್ ಬ್ಯಾಗಿಗೆ ಹಾಕಿಕೊಂಡಳು. ಭಾವಮೈದ ಓಡಾಡಿ ದುಡ್ಡು ಹೊಂದಿಸಿದ. ಸ್ಟೆಂಟ್ ಹಾಕಿದರು, ಜೀವ ಉಳಿಯಿತು.

ಇಲ್ಲಿವರೆಗೆ ಯಾರೂ ತಪ್ಪು ಮಾಡಿಲ್ಲ. ಎಮರ್ಜೆನ್ಸಿಯಲ್ಲಿ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗೂ ಹೋಗಬಹುದು, ಪಾಲಿಕ್ಲಿನಿಕ್‌ನಿಂದ (ಇಸಿಎಚ್‌ಎಸ್‌ನ ಸ್ವಂತ ಕ್ಲಿನಿಕ್) ರೆಫರಲ್ ಚೀಟಿ ಬೇಕಿಲ್ಲ. ತಪ್ಪಾದದ್ದು ಆಮೇಲೆ. ದಯವಿಟ್ಟು ಈ ಭಾಗ ಮಾತ್ರ ಎರಡು ಸಲ ಓದಿ.

ಪಟ್ಟಿಯಲ್ಲಿರುವ ಆಸ್ಪತ್ರೆಗೆ ಎಮರ್ಜೆನ್ಸಿಯಲ್ಲಿ ಸೇರಿದರೆ, ಪಾಲಿಕ್ಲಿನಿಕ್‌ಗೆ ತಿಳಿಸೋದು ಆಸ್ಪತ್ರೆಯವರ ಕೆಲಸ. ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗೆ ಸೇರಿದರೆ ಅದು ನಮ್ಮ ಕೆಲಸ. 48 ಗಂಟೆಯ ಒಳಗೆ ತಿಳಿಸಬೇಕು. ಲೆಕ್ಕ ಶುರುವಾಗೋದು ಅಡ್ಮಿಟ್ ಆದ ಹೊತ್ತಿನಿಂದ, ಡಿಸ್ಚಾರ್ಜ್‌ನಿಂದ ಅಲ್ಲ. ನಿಮ್ಮ ಹೆಸರಿರುವ ಪಾಲಿಕ್ಲಿನಿಕ್‌ಗೇ ಹೋಗಬೇಕು ಅಂತಿಲ್ಲ, ಹತ್ತಿರದ್ದು ಸಾಕು. ರೋಗಿಯೇ ಹೇಳಬೇಕು ಅಂತಲೂ ಇಲ್ಲ, ಮನೆಯವರು ಯಾರು ಹೇಳಿದರೂ ಆಯಿತು. ಮೈಸೂರಿನಲ್ಲೇ ಪಾಲಿಕ್ಲಿನಿಕ್ ಇದೆ! ಭಾವಮೈದ ಹಗಲೆಲ್ಲ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಒಂದು ಆಟೋ ಹಿಡಿದು ಕಾರ್ಡಿನ ಜೆರಾಕ್ಸ್, ಅಡ್ಮಿಷನ್ ಚೀಟಿ ಕೊಟ್ಟು ಬಂದಿದ್ದರೆ ಮುಗಿದಿತ್ತು. ಆದರೆ "ಇಲ್ಲಿ ನಡೆಯಲ್ಲ" ಅಂದಮೇಲೆ ಕಾರ್ಡಿನ ಕಥೆ ಅಲ್ಲಿಗೇ ಮುಗಿಯಿತು ಅಂತ ಎಲ್ಲರೂ ತಿಳಿದುಕೊಂಡರು. ನಾನು ವಾರ್ಡಿಗೆ ಬಂದು ಸರಿಯಾಗಿ ಮಾತಾಡುವ ಹೊತ್ತಿಗೆ ಆ 48 ಗಂಟೆ ಯಾವಾಗಲೋ ದಾಟಿತ್ತು.

ಆಮೇಲೆ ತಡ ಯಾಕಾಯಿತು ಅಂತ ಪತ್ರ ಬರೆದೆ. ಕಟ್ಟಿದ ದುಡ್ಡು ವಾಪಸ್ ಕೇಳಿ ಫೈಲ್ ಕಳಿಸಿದರೆ ಡಾಕ್ಟರ ಎಮರ್ಜೆನ್ಸಿ ಸರ್ಟಿಫಿಕೇಟ್ ಇಲ್ಲ ಅಂತ ವಾಪಸ್ ಬಂತು. ಅದನ್ನು ತರಲು ಮತ್ತೆ ಮೈಸೂರು. ಕೊನೆಗೆ ದುಡ್ಡು ಬಂತು, ಆದರೆ ಸಿಜಿಎಚ್‌ಎಸ್ (ಕೇಂದ್ರ ಸರಕಾರಿ ನೌಕರರ ಆರೋಗ್ಯ ಯೋಜನೆ) ದರದ ಲೆಕ್ಕದಲ್ಲಿ. ಆಸ್ಪತ್ರೆ ಹಾಕಿದ ಬಿಲ್ಲಿಗೂ ಅದಕ್ಕೂ ಬಹಳ ಅಂತರ. ಆ ಅಂತರ, ಜೊತೆಗೆ ಸೊಸೈಟಿ ಸಾಲದ ಬಡ್ಡಿ, ಎರಡೂ ನಮ್ಮ ತಲೆ ಮೇಲೆ.

ಹೆಂಡತಿಯನ್ನು ದೂರುವ ಹಾಗೇ ಇಲ್ಲ. ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಸರ್ವಿಸ್‌ನಲ್ಲಿದ್ದಾಗ ಮೈ ಹುಷಾರಿಲ್ಲ ಅಂದರೆ ಎಂಐ ರೂಮ್ (ಯೂನಿಟ್ಟಿನ ಚಿಕ್ಕ ಚಿಕಿತ್ಸಾ ಕೋಣೆ), ಅಲ್ಲಿಂದ ಮಿಲಿಟರಿ ಆಸ್ಪತ್ರೆ. ಗಾಡಿ, ಕಾಗದ, ಬೆಡ್ ಎಲ್ಲ ಯೂನಿಟ್ಟೇ ನೋಡಿಕೊಳ್ಳುತ್ತದೆ. ಪೆನ್ಷನ್ ಬಂದ ಮರುದಿನದಿಂದ ಆ ಓಡಾಟವೆಲ್ಲ ಮನೆಯವರದ್ದು. ಅದನ್ನು ಯಾರೂ ಕೂರಿಸಿ ಹೇಳಲ್ಲ.

ಇಷ್ಟಾದರೂ ಯೋಜನೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಆಮೇಲೆ ಹೆಂಡತಿಯ ಗಾಲ್ ಬ್ಲಾಡರ್ ಆಪರೇಷನ್ ಆಯಿತು. ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆಸಿಕೊಂಡು ಪಟ್ಟಿಯಲ್ಲಿದ್ದ ಆಸ್ಪತ್ರೆಗೆ ಹೋದೆವು. ಕೈಯಿಂದ ಒಂದು ರೂಪಾಯಿ ಕಟ್ಟಲಿಲ್ಲ. ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ನನ್ನ ಹೃದಯ ನೋಡಿದ ಡಾಕ್ಟರ್, ಹಳೇ ರಿಪೋರ್ಟ್‌ಗಳನ್ನೆಲ್ಲ ಟೇಬಲ್ ಮೇಲೆ ಸಾಲಾಗಿ ಹರಡಿಕೊಂಡು ಒಂದೊಂದನ್ನೂ ಓದಿದರು. ಅಷ್ಟು ನಿಧಾನವಾಗಿ ನೋಡಿದ ಡಾಕ್ಟರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಷ್ಟವೂ ಇದೆ. ಔಷಧಿ ಕಿಟಕಿಯಲ್ಲಿ ಚೀಟಿ ಕೊಟ್ಟರೆ ಬಿಪಿ ಮಾತ್ರೆಯ ಸ್ಟ್ರಿಪ್ ಎಣಿಸಿ ಕೊಡುತ್ತಾರೆ, ಅದರ ಕೆಳಗಿನ ಸಾಲಿಗೆ 'ಎನ್‌ಎ' ಅಂತ ಬರೆಯುತ್ತಾರೆ, ಅಂದರೆ ಸ್ಟಾಕ್ ಇಲ್ಲ. ಹೃದಯದ ಮಾತ್ರೆ ತಪ್ಪಿಸುವ ಹಾಗಿಲ್ಲವಲ್ಲ, ಹೊರಗೆ ಕೊಳ್ಳಲೇಬೇಕು. ಬಿಲ್ ಬಾಕಿ ಉಳಿಯಿತು ಅಂತ ಆಸ್ಪತ್ರೆಗಳು ಒಪ್ಪಂದ ಬಿಟ್ಟು ಹೋಗುವುದೂ ಇದೆ. ಹೋದ ವರ್ಷ ಪಟ್ಟಿಯಲ್ಲಿದ್ದದ್ದು ಈ ವರ್ಷ ಇರಬೇಕಂತಿಲ್ಲ. ಸರಕಾರ ಬಿಲ್ ಸರಿಯಾಗಿ ಕಟ್ಟಿದರೆ ಅರ್ಧ ತೊಂದರೆ ಇರಲ್ಲ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಬೆಟ್ಟಗುಡ್ಡದ ಊರುಗಳ ಹಿರಿಯರು ಒಂದು ಚೀಟಿಗೋಸ್ಕರ ಬಸ್ಸು ಬದಲಾಯಿಸಿಕೊಂಡು ಬರೋದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮಗೆ ಹೇಳೋದಿಷ್ಟು. ಮನೆಯವರನ್ನು ಕರೆದುಕೊಂಡು ಒಮ್ಮೆ ಸುಮ್ನೆ ಪಾಲಿಕ್ಲಿನಿಕ್‌ಗೆ ಹೋಗಿಬನ್ನಿ. ರಿಜಿಸ್ಟ್ರೇಷನ್ ಎಲ್ಲಿ, ರೆಫರಲ್ ಎಲ್ಲಿ, ಔಷಧಿ ಎಲ್ಲಿ ಅಂತ ಅವರೇ ಕಣ್ಣಾರೆ ನೋಡಲಿ. ಮಡಿಕೇರಿ, ಮೈಸೂರು ಎರಡೂ ಕಡೆಯ ನಂಬರ್ ಅವರ ಫೋನಿನಲ್ಲಿ ಇರಲಿ. ಹೃದಯಕ್ಕೆ ಯಾವ ಆಸ್ಪತ್ರೆ, ಮೂಳೆಗೆ ಯಾವುದು ಅಂತ ಬೇರೆಬೇರೆಯಾಗಿ ಕೇಳಿ, ಯಾಕೆಂದರೆ ಒಂದೇ ಆಸ್ಪತ್ರೆ ಕೆಲವು ವಿಭಾಗಗಳಿಗೆ ಮಾತ್ರ ಪಟ್ಟಿಯಲ್ಲಿ ಇರಬಹುದು. ಆಂಬುಲೆನ್ಸ್ ಡ್ರೈವರಿಗೆ ಆ ಹೆಸರು ಮೊದಲೇ ಹೇಳಬೇಕು. ನೀವು ಇಲ್ಲವಾದ ಮೇಲೂ ಕುಟುಂಬ ಪಿಂಚಣಿಯ ಜೊತೆ ಈ ಸೌಲಭ್ಯ ಹೆಂಡತಿಗೆ ಮುಂದುವರಿಯುತ್ತದೆ. ಆಗಲಂತೂ ಅವರೇ ಎಲ್ಲ ಮಾಡಿಕೊಳ್ಳಬೇಕು ಅಲ್ವಾ?

ಖಾಸಗಿ ವಿಮೆಗೆ ದುಡ್ಡು ಹಾಕಲೇಬೇಕು ಅಂತಿದ್ದರೆ ಮಗನ ಹೆಸರಿಗೆ ಮಾಡಿಸಿ. 25 ತುಂಬಿದರೆ, ಅಥವಾ ಅದಕ್ಕೆ ಮೊದಲೇ ದುಡಿಯಲು ಶುರುಮಾಡಿದರೆ, ಅವನು ಇಸಿಎಚ್‌ಎಸ್‌ನಿಂದ ಹೊರಗೆ.