ಮಳೆಗಾಲದಲ್ಲಿ ಕಾಸರಗೋಡಿನಿಂದ ಗಿಟಾರ್ ಹಿಡಿದು ಒಬ್ಬರೇ ಊರೂರಿಗೆ ಕಾರ್ಯಕ್ರಮಕ್ಕೆ ಹೋಗುವವರು ಏನು ನೋಡಿಕೊಳ್ಳಬೇಕು?

ಮೊದಲು ತೇವ. ಮರದ ಗಿಟಾರಿಗೆ ಹಿತವಾದ ಆರ್ದ್ರತೆ ಶೇ. 45ರಿಂದ 55. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಬಹುಪಾಲು ಶೇ. 80ರ ಮೇಲೆಯೇ. ಮರ ತೇವ ಹೀರಿದಾಗ ಮುಂಭಾಗದ ಹಲಗೆ ಉಬ್ಬಿ, ತಂತಿ ಸಿಕ್ಕಿಸುವ ಬ್ರಿಡ್ಜ್ ಮೇಲೇಳುತ್ತದೆ. ತಂತಿ ಎತ್ತರವಾಗಿ ಬೆರಳು ನೋಯುತ್ತದೆ. ಆಗ ಅವಸರದಲ್ಲಿ ಟ್ರಸ್ ರಾಡ್ (ಗಿಟಾರಿನ ಕತ್ತಿನೊಳಗಿನ ಲೋಹದ ಸರಳು) ತಿರುಗಿಸಬೇಡಿ. ಅದು ಸರಿಪಡಿಸುವುದು ಕತ್ತಿನ ಬಾಗನ್ನು, ಹಲಗೆಯ ಉಬ್ಬನ್ನಲ್ಲ. ಬಟ್ಟೆ ಚೀಲ ಬಿಟ್ಟು ಗಟ್ಟಿ ಪೆಟ್ಟಿಗೆ ಬಳಸಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು 100–200 ಗ್ರಾಂ ಮತ್ತು ಒಂದು ಸಣ್ಣ ಆರ್ದ್ರತಾ ಮಾಪಕ ಇಡಿ. ಹರಳಿನ ಬಣ್ಣ ಬದಲಾದರೆ ಸುಮಾರು 120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಒಣಗಿಸಿ, ಮತ್ತೆ ಬಳಸಬಹುದು.

ಇನ್ನು ವೇದಿಕೆ. ಕುಂಬಳೆಯಾಗಲಿ ಬದಿಯಡ್ಕವಾಗಲಿ, ಪೆಂಡಾಲಿನ ಸೌಂಡ್‌ನವರಲ್ಲಿ ಡಿಐ ಬಾಕ್ಸ್ (ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಕಳಿಸುವ ಡಬ್ಬಿ) ಇದ್ದೇ ಇರುತ್ತದೆಂದು ನಂಬಬೇಡಿ, ನಿಮ್ಮದೇ ಒಯ್ಯಿರಿ. ಗುಂಯ್ ಎಂಬ ಸದ್ದು ಬಂದರೆ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಯಾರು ಹೇಳಿದರೂ ತೆಗೆಯಬೇಡಿ: ಒದ್ದೆ ನೆಲದ ಮೇಲೆ ನಿಂತು, ಕೈಯಲ್ಲಿ ಗಿಟಾರಿನ ತಂತಿ, ತುಟಿಗೆ ಮೈಕ್ ತಾಗಿದರೆ ಶಾಕ್ ಪ್ರಾಣಕ್ಕೇ ಬರಬಹುದು.

ಬ್ಯಾಟರಿಯಿಂದ ನಡೆಯುವ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಇರುವ ಗಿಟಾರಿನಲ್ಲಿ ಕೇಬಲ್ ಸಿಕ್ಕಿಸಿಟ್ಟರೆ ನುಡಿಸದಿದ್ದರೂ 9 ವೋಲ್ಟ್ ಬ್ಯಾಟರಿ ಕರಗುತ್ತದೆ. ಮುಗಿದ ಕೂಡಲೇ ಎಳೆದುಬಿಡಿ. ಎರಡು ಸೆಟ್ ತಂತಿ, ಒಂದು ಹೆಚ್ಚುವರಿ ಕೇಬಲ್ ಸಾಕು.

ರೈಲಿನಲ್ಲಾದರೆ ಮೇಲಿನ ಬರ್ತ್ ಒಳ್ಳೆಯದು. ಮಂಗಳೂರು ಅಥವಾ ಕಣ್ಣೂರಿನಿಂದ ವಿಮಾನವಾದರೆ ತಂತಿಯನ್ನು ಸ್ವಲ್ಪ ಸಡಿಲಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.